ಪುಟ್ಟ ಕೈಗಳಿಗೆ ದಾಸೋಹದ ಪಾಠ

ಶರಣರು ಕಾಯಕದೊಡನೆ ದಾಸೋಹವನ್ನೂ ಬದುಕಿನ ನಿಯಮವಾಗಿಸಿದರು. ಆಯುರ್ವೇದವೂ ಹಂಚಿ ಉಣ್ಣುವುದನ್ನು ಆರೋಗ್ಯದ ಅಂಗವೆಂದೇ ಬಗೆದಿದೆ. ಒಬ್ಬನೇ ಸುಖಪಡಬಾರದು, ಅತಿಥಿಗಳಿಗೂ ಆಶ್ರಿತರಿಗೂ ನೀಡದೆ ಉಣ್ಣಬಾರದು ಎಂಬುದನ್ನು ಚರಕಾಚಾರ್ಯರು ಸದ್ವೃತ್ತದಲ್ಲಿ ಸೇರಿಸಿದ್ದಾರೆ. ಈ ಸಂಸ್ಕಾರ ಮಕ್ಕಳಿಗೆ ಎಳವೆಯಲ್ಲಿಯೇ ಬರಲೆಂದು ಭಕ್ತ ಮನೆತನಗಳ ತಾಯಂದಿರು ಬಯಸುವುದು ಸಹಜ. ಆದರೆ 2 ವರ್ಷದ ಕೂಸು ಆಟಿಕೆಯನ್ನು ಎದೆಗವಚಿಕೊಂಡು "ನಂದು, ಕೊಡಲ್ಲ" ಎಂದು ಚೀರಿದಾಗ, ಮಗು ಸ್ವಾರ್ಥಿಯಾಯಿತೆಂದು ಅವರು ಕಳವಳಪಡುತ್ತಾರೆ. ಈ ಕಳವಳ ಅನಗತ್ಯ.

ಸುಶ್ರುತಾಚಾರ್ಯರು 1 ವರ್ಷದವರೆಗಿನ ಮಗುವನ್ನು ಕ್ಷೀರಪ, 2 ವರ್ಷದವರೆಗಿನದನ್ನು ಕ್ಷೀರಾನ್ನಾದ, ಅನಂತರದ ಬಾಲಕರನ್ನು ಅನ್ನಾದ ಎಂದು ಆಹಾರಕ್ಕನುಗುಣವಾಗಿ ವಿಂಗಡಿಸಿದ್ದಾರೆ. ಹಾಲಿನಿಂದ ಅನ್ನಕ್ಕೆ ಸಾಗುವ ಈ ಸಂಧಿಕಾಲದಲ್ಲಿ ಮನಸ್ಸೂ ಒಂದು ಹೊಸ್ತಿಲನ್ನು ದಾಟುತ್ತದೆ. ಸುಮಾರು 18 ತಿಂಗಳ ಹೊತ್ತಿಗೆ ಮಗು ಕನ್ನಡಿಯಲ್ಲಿ ಕಾಣುವುದು ತನ್ನದೇ ಮುಖವೆಂದು ಗುರುತಿಸತೊಡಗುತ್ತದೆ. ತಾನು ಬೇರೆಯೇ ಒಂದು ಜೀವವೆಂಬ ಅರಿವು ಮೂಡುತ್ತಿರುವಾಗ "ನನ್ನದು" ಎಂಬ ಮಾತು ಹುಟ್ಟುತ್ತದೆ. ಅದು ಲೋಭವಲ್ಲ, ಬೆಳವಣಿಗೆ. ಸರದಿ ಕಾಯುವ ತಾಳ್ಮೆ 3 ವರ್ಷದ ಆಸುಪಾಸಿನಲ್ಲಿ ಮೊಳೆಯುತ್ತದೆ. ಇನ್ನೊಬ್ಬರ ಮನವರಿತು ತಾನಾಗಿ ಕೊಡುವ ಗುಣ 4-5 ವರ್ಷದ ಹೊತ್ತಿಗೆ ಬಲಗೊಳ್ಳುತ್ತದೆ.

ಲೋಭ, ಈರ್ಷ್ಯೆ, ಕ್ರೋಧಗಳನ್ನು ಚರಕರು ಧಾರಣೀಯ ವೇಗಗಳು, ಅಂದರೆ ತಡೆದುಕೊಳ್ಳಬೇಕಾದ ಮನೋವೇಗಗಳು ಎಂದಿದ್ದಾರೆ. ತಡೆದುಕೊಳ್ಳಲು ಬಲಿತ ಬುದ್ಧಿ ಬೇಕು. ಎಳೆಯ ಮಗುವಿಗೆ ಅದು ಬರುವತನಕ ಹಿರಿಯರ ತಾಳ್ಮೆಯೇ ಆಸರೆ.

ಹಿಂದೊಮ್ಮೆ ಎರಡೂವರೆ ವರ್ಷದ ಮಗನೊಡನೆ ನಮ್ಮಲ್ಲಿಗೆ ಬಂದ ತಾಯಿಯೊಬ್ಬರು, ಹಠ ಇಳಿಸುವ ಔಷಧವಿದೆಯೇ ಎಂದು ಕೇಳಿದರು. ನೆಂಟರ ಮಗು ಅತ್ತಿತೆಂದು ಅವನ ಕೈಯ ಮರದ ಬಂಡಿಯನ್ನು ಕಸಿದುಕೊಟ್ಟಿದ್ದರು. ಅಂದಿನಿಂದ ಅವನು ಬಂಡಿಯನ್ನು ಹಾಸಿಗೆಯಲ್ಲಿಯೂ ಬಿಡುತ್ತಿರಲಿಲ್ಲ. ನೆಂಟರ ದನಿ ಕೇಳಿದರೆ ಅಡಗುತ್ತಿದ್ದನು. ನಾವು ಔಷಧ ಕೊಡಲಿಲ್ಲ. ಅತಿಥಿಗಳು ಬರುವ ಮೊದಲೇ ಅವನ ಅಚ್ಚುಮೆಚ್ಚಿನ ವಸ್ತುವನ್ನು ಅವನ ಕೈಯಿಂದಲೇ ಎತ್ತಿಡಿಸಿ, ಉಳಿದವುಗಳಲ್ಲಿ ಯಾವುದನ್ನು ಕೊಡುವೆಯೆಂದು ಅವನನ್ನೇ ಕೇಳಲು ಹೇಳಿದೆವು. ಎರಡು ತಿಂಗಳ ಮೇಲೆ ಬಂದ ಆ ತಾಯಿ, "ಬಂಡಿಯನ್ನು ಇನ್ನೂ ಕೊಡುವುದಿಲ್ಲ, ಆದರೆ ಚೆಂಡನ್ನು ತಾನೇ ಉರುಳಿಸುತ್ತಾನೆ, ತಿರುಗಿ ಬರುವವರೆಗೆ ಕಾಯುತ್ತಾನೆ" ಎಂದರು. ಆ ವಯಸ್ಸಿಗೆ ಅಷ್ಟು ಸಾಕು.

ಕಸಿದುಕೊಟ್ಟುದು ದಾನವಾಗದು. ಅದರಿಂದ ಮಗು ಕಲಿಯುವುದು ಕೊಡುವುದನ್ನಲ್ಲ, ಕಳೆದುಕೊಳ್ಳುವ ಭಯವನ್ನು. ತನ್ನದು ತನಗೆ ಉಳಿಯುವುದೆಂಬ ನೆಮ್ಮದಿ ಇದ್ದಾಗ ಬಿಗಿಹಿಡಿದ ಮುಷ್ಟಿ ತಾನಾಗಿ ಸಡಿಲುತ್ತದೆ. ಮಗು ಅತ್ತರೂ, ಉಣ್ಣದಿದ್ದರೂ, ಹೇಳಿದ ಮಾತು ಕೇಳದಿದ್ದರೂ ಭೂತಪಿಶಾಚಿಗಳ ಹೆಸರು ಹೇಳಿ ಹೆದರಿಸಲಾಗದೆಂದು ಚರಕರು ಎಚ್ಚರಿಸಿದ್ದಾರೆ. ನಮ್ಮ ಮನೆಗಳ ಗುಮ್ಮನಿಗೂ ಈ ಮಾತು ಸಲ್ಲುತ್ತದೆ.

ಹಂಚುವುದನ್ನು ನಿತ್ಯದ ಕೆಲಸಗಳಲ್ಲಿಯೇ ಕಲಿಸಬಹುದು. ಬಾಳೆಹಣ್ಣನ್ನು ಎರಡು ಮಾಡಿ ಒಂದು ಭಾಗವನ್ನು ಅಜ್ಜಿಗೆ ಮಗುವಿನ ಕೈಯಿಂದ ಕೊಡಿಸಿರಿ. ಜಂಗಮರು ಬಂದಾಗ ಅದರ ಅಂಗೈಯಿಂದಲೇ ಒಂದು ಹಿಡಿ ಜೋಳವನ್ನು ಜೋಳಿಗೆಗೆ ಹಾಕಿಸಿರಿ. ಮನೆಯ ಹಿರಿಯರು ಹಂಚಿ ಉಣ್ಣುವುದನ್ನು ಅದು ದಿನವೂ ಕಾಣಲಿ. ಹಸಿವು, ನಿದ್ದೆ, ಜ್ವರಗಳಿರುವಾಗ ಮಾತ್ರ ಈ ಪಾಠ ಬೇಡ.

ಹಂಚಬಾರದವುಗಳೂ ಉಂಟು. ಟವೆಲ್, ಹಲ್ಲುಜ್ಜುವ ಬ್ರಷ್, ಎಂಜಲು ಲೋಟಗಳ ಮೂಲಕ ಕಜ್ಜಿ, ಕಣ್ಣುಬೇನೆ, ನೆಗಡಿಗಳು ಹರಡಬಲ್ಲವು. ಅಕ್ಕರೆಯಿಂದ ಅಣ್ಣ ಕೊಟ್ಟ ಇಡೀ ಶೇಂಗಾಕಾಳು 4 ವರ್ಷದೊಳಗಿನ ತಂಗಿಯ ಗಂಟಲಲ್ಲಿ ಸಿಲುಕಬಹುದು. ಬಾಯೊಳಗೆ ಹೋಗದಂತಹ, ಮೊನಚಿಲ್ಲದ ಆಟಿಕೆಗಳನ್ನೇ ಕೊಡಬೇಕೆಂದು ಚರಕರು ಹೇಳಿರುವುದೂ ಇಂತಹ ಅಪಾಯವನ್ನು ತಡೆಯಲೆಂದೇ.

ಮಗು ಹೆಸರು ಹಿಡಿದು ಕರೆದರೆ ತಿರುಗದಿದ್ದರೆ, ಬೇಕಾದುದನ್ನು ಬೆರಳಿಟ್ಟು ತೋರದಿದ್ದರೆ, 2 ವರ್ಷವಾದರೂ ಎರಡು ಪದ ಕೂಡಿಸಿ ಆಡದಿದ್ದರೆ, ಅದನ್ನು ಹಠವೆಂದು ಕಡೆಗಣಿಸದೆ ಮಕ್ಕಳ ತಜ್ಞರಿಗೆ ತೋರಿಸಿರಿ. ಉಳಿದ ಮಕ್ಕಳಿಗೆ ಬೇಕಾದುದು ಕಾಲಾವಕಾಶ. ಇಂದು "ಕೊಡಲ್ಲ" ಎನ್ನುವ ಕೂಸು, ಆತುರಪಡದ ತಾಯ್ತಂದೆಯರ ಮನೆಯಲ್ಲಿ, ನಾಳೆ ದಾಸೋಹದ ಪಂಕ್ತಿಯಲ್ಲಿ ನಿಂತು ತಾನೇ ಬಡಿಸುವುದನ್ನು ಕಲಿಯುತ್ತದೆ.