ಮನೆಯಲ್ಲಿ ಕಾರ್ಡ್ ಉಂಟು, ಕಾಲೇಜಿನಲ್ಲೂ ವಿಮೆ ಯಾಕೆ?

ಕುಡಚಿಯ ಆ ಮನೆಯಲ್ಲಿ ಚಹಾ ಕುಡಿದು ಮುಗಿಯುವ ಹೊತ್ತಿಗೆ ಮನೆಯ ಯಜಮಾನರು ಒಳಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದು ನಮ್ಮ ಮುಂದಿಟ್ಟರು. ಅದರಲ್ಲಿ ಎರಡು ಕಾಗದ. ಒಂದು, ಊರಿನ ಸೊಸೈಟಿಯಲ್ಲಿ ಮಾಡಿಸಿದ ಯಶಸ್ವಿನಿ ಕಾರ್ಡ್. ಇನ್ನೊಂದು, ಮಂಗಳೂರಿನಲ್ಲಿ ಓದುವ ಮಗನ ಎರಡನೇ ವರ್ಷದ ಶುಲ್ಕದ ಚೀಟಿ. ಚೀಟಿಯ ಕೆಳಗಡೆ ಒಂದು ಸಾಲಿಗೆ ಪೆನ್ನಿನಿಂದ ಗೆರೆ ಎಳೆದಿದ್ದರು: ‘ವಿದ್ಯಾರ್ಥಿ ಗುಂಪು ವಿಮೆ’.

“ನಮ್ಮ ಕಡೆ ಇದ ಐತಲ್ರಿ. ಮತ್ತ ಅದ್ಯಾಕ?” ಎಂದರು.

ನಾವು ಅಲ್ಲಿಗೆ ಹೋಗಿದ್ದು ಈ ವಿಷಯಕ್ಕಲ್ಲ. ನಮ್ಮ ನೆರೆಮನೆಯ ಹುಡುಗನೂ ಇವರ ಮಗನೂ ಒಂದೇ ಹಾಸ್ಟೆಲ್ ಕೋಣೆಯವರು. ರಜೆಯಲ್ಲಿ ಒಮ್ಮೆ ಬನ್ನಿ ಎಂದು ಕರೆದಿದ್ದರು. ಹುಬ್ಬಳ್ಳಿಯಲ್ಲಿ ಇಳಿದು ಮಿರಜ್ ಕಡೆಯ ರೈಲು ಹಿಡಿದು ಹೋದೆವು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ ಎಂದರೆ ನಮ್ಮ ಕರಾವಳಿಯವರಿಗೆ ದೂರದ ಊರುಗಳು ಅನಿಸಬಹುದು. ಆದರೆ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ನಮ್ಮ ಉಮ್ಮಂದಿರಿಗೆ ನಿಪ್ಪಾಣಿಯ ಹೆಸರು ಹೊಸದಲ್ಲ, ತಂಬಾಕಿನ ಊರು ಅದು. ಆ ಮನೆಯವರ ಉರ್ದು ನಮಗೆ ಅರ್ಧಂಬರ್ಧ, ನಮ್ಮ ಬ್ಯಾರಿ ಅವರಿಗೆ ಏನೂ ತಿಳಿಯದು. ಹಾಗಾಗಿ ಮಾತೆಲ್ಲ ಕನ್ನಡದಲ್ಲೇ ನಡೆಯಿತು.

ಅವರ ಪ್ರಶ್ನೆ ಹಣದ್ದು ಎಂದು ಮೊದಲು ನಾವು ತಿಳಿದುಕೊಂಡೆವು. ಎರಡೆರಡು ಕಡೆ ಯಾಕೆ ಕಟ್ಟಬೇಕು ಎಂಬ ಎಲ್ಲರ ಪ್ರಶ್ನೆ. ಆಮೇಲೆ ಹುಡುಗನ ಅಮ್ಮಿ ಬಾಗಿಲ ಬಳಿ ನಿಂತು ಹೇಳಿದಾಗ ಸಂಗತಿ ಬೇರೆಯೇ ಎಂದು ಗೊತ್ತಾಯಿತು. ಮೊದಲ ವರ್ಷ, ಎರಡನೇ ಸೆಮಿಸ್ಟರ್‌ನಲ್ಲಿ ಹುಡುಗನಿಗೆ ರಾತ್ರಿ ಹೊಟ್ಟೆನೋವು ಬಂತು. ಅಪೆಂಡಿಕ್ಸ್. ಹಾಸ್ಟೆಲ್‌ನವರು ಹತ್ತಿರದ ಖಾಸಗಿ ಆಸ್ಪತ್ರೆಗೆ ಸೇರಿಸಿದರು, ಬೆಳಗಿನ ಜಾವ ಆಪರೇಷನ್ ಆಯಿತು. ಅಪ್ಪ ಬಸ್ಸಿನಲ್ಲಿ ರಾತ್ರಿಯಿಡೀ ಕೂತು ಬರುವಾಗ ಯಶಸ್ವಿನಿ ಕಾರ್ಡನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೇ ಬಂದಿದ್ದರು. ಕೌಂಟರಿನಲ್ಲಿ ತೋರಿಸಿದರೆ, “ನಮ್ಮ ಆಸ್ಪತ್ರೆ ಆ ಪಟ್ಟಿಯಲ್ಲಿಲ್ಲ” ಎಂದರು. ಬಿಲ್ಲು ಅರುವತ್ತು ಸಾವಿರ ದಾಟಿತ್ತು. ಅಮ್ಮಿಯ ಎರಡು ಪಾಟ್ಲಿ ಅಡವಿಗೆ ಹೋದವು. ಆವಾಗಲೂ ಕಾಲೇಜಿನ ವಿಮೆ ಇತ್ತು. ಮೊದಲ ವರ್ಷದ ಶುಲ್ಕದಲ್ಲೇ ಅದಕ್ಕೆ ಹಣ ಕಟ್ಟಿಯಾಗಿತ್ತು. ಹುಡುಗನಿಗೆ ಗೊತ್ತಿರಲಿಲ್ಲ, ವಾರ್ಡನ್ ನೆನಪಿಸಲಿಲ್ಲ, ಆಸ್ಪತ್ರೆಯವರು ಕೇಳಲಿಲ್ಲ. ಎರಡನೇ ವರ್ಷದ ಚೀಟಿ ಬಂದಾಗಲೇ ಆ ಸಾಲು ಅಪ್ಪನ ಕಣ್ಣಿಗೆ ಬಿದ್ದದ್ದು.

“ಎರಡೂ ಇತ್ತರಿ, ಒಂದೂ ಬರಲಿಲ್ಲ” ಎಂದರು ಅವರು.

ಈ ಮಾತು ನಮ್ಮನ್ನು ಊರಿಗೆ ಬಂದ ಮೇಲೂ ಬಿಡಲಿಲ್ಲ. ನಮ್ಮ ಮಕ್ಕಳ ಚೀಟಿಗಳನ್ನೂ ತೆಗೆದು ನೋಡಿದೆವು. ನಿಜ ಹೇಳಬೇಕೆಂದರೆ ನಮ್ಮಲ್ಲೂ ಯಾರೂ ಓದಿರಲಿಲ್ಲ.

ಮನೆಯ ಕಾರ್ಡ್ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದು ನಾಲ್ಕೈದು ಬಗೆಯದ್ದು. ಚಿಕ್ಕೋಡಿ ಕಡೆ ಸಕ್ಕರೆ ಕಾರ್ಖಾನೆ, ಹಾಲಿನ ಸಂಘ, ಪತ್ತಿನ ಸಂಘ ಎಂದು ಸಹಕಾರಿ ಸದಸ್ಯರು ಬಹಳ, ಹಾಗಾಗಿ ಅಲ್ಲಿ ಯಶಸ್ವಿನಿ ಮನೆಮಾತು. 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, ಮತ್ತೆ 2022-23ರಲ್ಲಿ ಜೀವ ಪಡೆದ ಯೋಜನೆ ಅದು. ಹಳ್ಳಿಯ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ವಂತಿಗೆಯಲ್ಲಿ ಐದು ಲಕ್ಷದವರೆಗೆ ಚಿಕಿತ್ಸೆ ಎಂದು ಮತ್ತೆ ಬಂತು. ಒಳ್ಳೆಯದೇ. ಆದರೆ ಪಟ್ಟಿಯಲ್ಲಿರುವ ಆಸ್ಪತ್ರೆ, ಪಟ್ಟಿಯಲ್ಲಿರುವ ಚಿಕಿತ್ಸೆ, ಅಷ್ಟೇ. ಹಣ ಕಟ್ಟಿ ಬಂದು ಆಮೇಲೆ ಬಿಲ್ಲು ತೋರಿಸಿ ವಾಪಸ್ ಪಡೆಯುವ ಏರ್ಪಾಡು ಅದಲ್ಲ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕವೂ ಹಾಗೆಯೇ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ, ಎಪಿಎಲ್ ಆದರೆ ಪ್ಯಾಕೇಜ್ ದರದ ನೂರಕ್ಕೆ 30 ಮಾತ್ರ, ಅದೂ ಒಂದೂವರೆ ಲಕ್ಷದ ಮಿತಿಯೊಳಗೆ. ತುರ್ತು ಅಲ್ಲದಿದ್ದರೆ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರವೂ ಬೇಕು. ಕಾರ್ಖಾನೆಯಲ್ಲೋ ಅಂಗಡಿಯಲ್ಲೋ ಇಎಸ್ಐ ಇರುವ ತಂದೆಯ ಮಗನಿಗೆ, ಓದುತ್ತಿದ್ದರೂ, 21 ದಾಟಿದರೆ ಆ ಸೌಲಭ್ಯ ಮುಗಿಯಿತು. ಇಂಜಿನಿಯರಿಂಗ್ ಕೊನೆಯ ವರ್ಷದ ಹುಡುಗರು ಇಲ್ಲೇ ಸಿಕ್ಕಿಬೀಳುವುದು. ಖಾಸಗಿ ಕಂಪೆನಿಯ ಫ್ಯಾಮಿಲಿ ಫ್ಲೋಟರ್ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಅವಲಂಬಿತ ಮಕ್ಕಳಿಗೆ 25ರ ತನಕ ಉಂಟು.

ಇನ್ನು ಕಾಲೇಜಿನದ್ದು. ‘ವಿಮೆ’ ಎಂದು ಬರೆದಿದ್ದರೆ ಅದು ಆಸ್ಪತ್ರೆಯ ಖರ್ಚಿನ ವಿಮೆಯೇ ಆಗಿರಬೇಕೆಂದಿಲ್ಲ. ಕೆಲವು ಕಡೆ ಬರೀ ಅಪಘಾತ ವಿಮೆ. ಬೈಕಿನಿಂದ ಬಿದ್ದರೆ ಉಂಟು, ಡೆಂಗಿ ಬಂದರೆ ಇಲ್ಲ. ಇದನ್ನು ತಿಳಿಯಲು ಆಫೀಸಿನಲ್ಲಿ ಪಾಲಿಸಿ ನಂಬರ್, ಕಂಪೆನಿಯ ಹೆಸರು, ಮಗುವಿನ ಹೆಸರಿನ ವಿಮಾ ಪ್ರಮಾಣಪತ್ರ ಕೇಳಬೇಕು. ಗುಂಪು ಪಾಲಿಸಿ ಕಾಲೇಜಿನ ಹೆಸರಿನಲ್ಲಿದ್ದರೂ ಅದರೊಳಗಿನ ಪ್ರತಿ ಸದಸ್ಯನಿಗೆ ಆ ಪ್ರಮಾಣಪತ್ರ ಸಲ್ಲಬೇಕಾದದ್ದು. ಕೇಳಲು ನಾಚಿಕೆ ಬೇಡ ಮಾರಾಯ್ರೇ, ಹಣ ನಮ್ಮದು.

ಮನೆಯಲ್ಲಿ ಪಾಲಿಸಿ ಇದೆ, ಕಾಲೇಜಿನದ್ದು ಬೇಡ ಎನ್ನಬಹುದೇ? ಕೇಳಿ ನೋಡಬಹುದು. ಪಾಲಿಸಿಯ ನಕಲು ಇಟ್ಟು ಪ್ರಾಂಶುಪಾಲರಿಗೆ ಅರ್ಜಿ ಕೊಡಬಹುದು. ಆದರೆ ನಮ್ಮಲ್ಲಿ ವಿನಾಯಿತಿ ಸಿಗುವುದು ಕಡಿಮೆ. ಗುಂಪು ವಿಮೆಯ ದರ ಕಡಿಮೆ ಇರುವುದೇ ಎಲ್ಲರ ತಲೆ ಲೆಕ್ಕ ಹಿಡಿಯುವುದರಿಂದ. ಮನೆಯಲ್ಲಿ ಇರುವವರೆಲ್ಲ ಹೊರಗೆ ಹೋದರೆ ಉಳಿದವರಿಗೆ ದರ ಏರುತ್ತದೆ. ಹಾಗಾಗಿ ಕೆಲವು ನೂರು ರೂಪಾಯಿಗೆ ಜಗಳ ಮಾಡುವುದಕ್ಕಿಂತ ಅದನ್ನು ಇಟ್ಟುಕೊಂಡು ಬಳಸಲು ಕಲಿಯುವುದು ವಾಸಿ ಎಂದು ನಮ್ಮ ಅಭಿಪ್ರಾಯ. ಸಾವಿರಗಟ್ಟಲೆ ಇದ್ದರೆ ಮಾತು ಬೇರೆ, ಆಗ ಕೇಳಲೇಬೇಕು.

ಬಳಸುವುದು ಹೇಗೆಂದರೆ, ಎರಡು ಪಾಲಿಸಿ ಇದ್ದಾಗ ಯಾವುದರಿಂದ ಮೊದಲು ಕೇಳಬೇಕೆಂಬ ಆಯ್ಕೆ ನಮ್ಮದು. ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮವೇ ಹಾಗೆ ಇದೆ. ಒಂದರ ಮೊತ್ತ ಸಾಲದಿದ್ದರೆ ಉಳಿದದ್ದನ್ನು ಇನ್ನೊಂದರಿಂದ ಕೇಳಬಹುದು. ಒಂದೇ ಬಿಲ್ಲಿಗೆ ಎರಡೂ ಕಡೆಯಿಂದ ಪೂರ್ತಿ ಹಣ ಬರುವುದಿಲ್ಲ, ಆ ಆಸೆ ಬೇಡ. ಆದ್ದರಿಂದ ಸಣ್ಣ ಖರ್ಚಿಗೆ ಕಾಲೇಜಿನದ್ದನ್ನು ಬಳಸಿ, ಮನೆಯದ್ದನ್ನು ಉಪ್ಪ-ಉಮ್ಮರಿಗೆ ಬೇಕಾದೀತೆಂದು ಹಾಗೇ ಬಿಡಬಹುದು. ಒಂದು ತಪ್ಪು ಮಾತ್ರ ಮಾಡಬಾರದು. ಕಾಲೇಜಿನಲ್ಲಿ ಹೇಗೂ ಉಂಟಲ್ಲ ಎಂದು ಮನೆಯ ಪಾಲಿಸಿಯಿಂದ ಮಗುವಿನ ಹೆಸರು ತೆಗೆಸುವುದು. ಕಾಲೇಜಿನದ್ದು ಕೋರ್ಸಿನ ಜೊತೆಗೇ ಮುಗಿಯುತ್ತದೆ. ಮತ್ತೆ ಸೇರಿಸಲು ಹೋದರೆ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು.

ಚಿಕ್ಕೋಡಿ ಕಡೆ ಇದಕ್ಕೆ ಗಡಿಯ ತೊಡಕೂ ಸೇರಿದೆ. ಕಾಗವಾಡದವರಿಗೆ ಕಾಯಿಲೆ ಬಂದರೆ ಮೊದಲು ನೆನಪಾಗುವುದು ಬೆಳಗಾವಿಯಲ್ಲ, ಮಿರಜ್. 1894ರಲ್ಲಿ ವಿಲಿಯಂ ವಾನ್ಲೆಸ್ ಎಂಬ ಮಿಷನರಿ ವೈದ್ಯರು ಆಸ್ಪತ್ರೆ ಕಟ್ಟಿದಂದಿನಿಂದ ಅದು ಆಸ್ಪತ್ರೆಗಳ ಊರು. ನಿಪ್ಪಾಣಿಯವರಿಗೆ ಕೊಲ್ಹಾಪುರ ಹಾಗೆ. ಮಕ್ಕಳೂ ಅತ್ತಲೇ ಓದಲು ಹೋಗುತ್ತಾರೆ, ಸಾಂಗ್ಲಿ, ಮಿರಜ್, ಕೊಲ್ಹಾಪುರ. ರೈಲಿನಲ್ಲಿ ಒಂದು ಗಂಟೆಯ ದಾರಿ, ಆದರೆ ರಾಜ್ಯ ಬೇರೆ. ಕರ್ನಾಟಕದ ಕಾರ್ಡು ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂಬುದನ್ನು ಸೇರಿಸುವ ದಿನವೇ ಕೇಳಿಕೊಳ್ಳಬೇಕು. ಕೇಂದ್ರದ ಆಯುಷ್ಮಾನ್ ಪಟ್ಟಿಯಲ್ಲಿರುವ ಕುಟುಂಬಕ್ಕೆ ದೇಶದ ಯಾವ ನೋಂದಾಯಿತ ಆಸ್ಪತ್ರೆಯಲ್ಲಾದರೂ ಚಿಕಿತ್ಸೆ ಉಂಟು. ಆದರೆ ಕುಟುಂಬ ಆ ಪಟ್ಟಿಯಲ್ಲಿದೆಯೋ, ರಾಜ್ಯ ತಾನಾಗಿ ಸೇರಿಸಿದ ಪಟ್ಟಿಯಲ್ಲಿದೆಯೋ ಎಂಬುದು ಮನೆಯವರಿಗೇ ಗೊತ್ತಿರುವುದಿಲ್ಲ.

ಈ ನಡುವೆ 2023ರಲ್ಲಿ ಮಹಾರಾಷ್ಟ್ರ ಸರಕಾರ ತನ್ನ ಮಹಾತ್ಮ ಜೋತಿರಾವ್ ಫುಲೆ ಜನಾರೋಗ್ಯ ಯೋಜನೆಯನ್ನು ಕರ್ನಾಟಕದ 865 ಗಡಿ ಊರುಗಳಿಗೂ ವಿಸ್ತರಿಸುವುದಾಗಿ ಹೇಳಿತು, ನಿಪ್ಪಾಣಿ ಭಾಗವೂ ಅದರಲ್ಲಿ. ಕರ್ನಾಟಕ ಸರಕಾರ ಗಟ್ಟಿಯಾಗಿ ಆಕ್ಷೇಪಿಸಿತು. ಎರಡು ಸರಕಾರಗಳ ಜಗಳದಲ್ಲಿ ನಾವು ಬೀಳುವುದಿಲ್ಲ. ಆದರೆ ಒಂದು ಊರಿಗೆ ಎರಡು ರಾಜ್ಯಗಳು ಕಾರ್ಡ್ ಹಿಡಿದು ನಿಂತಿದ್ದರೂ ಹಾಸ್ಟೆಲ್‌ನ ಹುಡುಗನ ಕಿಸೆಯಲ್ಲಿ ಒಂದೂ ಇರುವುದಿಲ್ಲ ಎಂಬುದೇ ನಮಗೆ ಸೋಜಿಗ.

ನಮ್ಮ ಕರಾವಳಿಯವರ ಗಡಿ ಕಡಲಾಚೆಯದ್ದು. ದುಬೈಯಲ್ಲಿ 2013ರ ಕಾನೂನು ಬಂದ ಮೇಲೆ ಕೆಲಸದವರಿಗೆ ಕಂಪೆನಿಯೇ ವಿಮೆ ಮಾಡಿಸಬೇಕು. ಕೆಲವು ಕಂಪೆನಿಗಳು ಹೆಂಡತಿ ಮಕ್ಕಳಿಗೂ ಕೊಡುತ್ತವೆ. “ಬಾಪಾಂದ ಕಂಪೆನಿ ಕಾರ್ಡ್ ಉಂಟಲ್ಲ” ಎಂದು ದೇರಳಕಟ್ಟೆಯಲ್ಲೋ ಕೊಣಾಜೆಯಲ್ಲೋ ಓದುವ ಮಕ್ಕಳು ಧೈರ್ಯದಲ್ಲಿರುತ್ತಾರೆ. ಆ ಕಾರ್ಡಿನ ಹಿಂದೆ ಯಾವ ದೇಶಗಳಲ್ಲಿ ನಡೆಯುತ್ತದೆ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಎಷ್ಟೋ ಕಾರ್ಡುಗಳು ಎಮಿರೇಟ್ಸ್‌ನ ಒಳಗೆ ಮಾತ್ರ. ಭಾರತ ಸೇರಿದ್ದರೂ ತುರ್ತಿಗೆ ಮಾತ್ರ, ಅದೂ ಮೊದಲು ನಾವೇ ಕಟ್ಟಿ ಆಮೇಲೆ ವಾಪಸ್.

ಪರದೇಶಕ್ಕೆ ಓದಲು ಹೊರಟವರಿಗೆ ಎರಡು ಮಾತು. ಬ್ರಿಟನ್‌ಗೆ ಹೋಗುವವರು ವೀಸಾದ ಜೊತೆಗೇ ಆರೋಗ್ಯ ಸರ್‌ಚಾರ್ಜ್ ಕಟ್ಟಬೇಕು. 2024ರ ಫೆಬ್ರವರಿಯಿಂದ ವಿದ್ಯಾರ್ಥಿಗೆ ವರ್ಷಕ್ಕೆ 776 ಪೌಂಡ್. ಬೇರೆ ವಿಮೆ ಇದೆ ಎಂದರೆ ಬಿಡುವುದಿಲ್ಲ. ಜರ್ಮನಿಯಲ್ಲಿ 30 ವರ್ಷದೊಳಗಿನ ವಿದ್ಯಾರ್ಥಿಗೆ ಸಾರ್ವಜನಿಕ ವಿಮೆ, ಖಾಸಗಿ ಸಾಕೆಂದು ಒಮ್ಮೆ ವಿನಾಯಿತಿ ಪಡೆದರೆ ಓದು ಮುಗಿಯುವ ತನಕ ಹಿಂದೆ ಬರುವಂತಿಲ್ಲ, ಅಗ್ಗ ಎಂದು ಸಹಿ ಹಾಕಬೇಡಿ. ಅಮೆರಿಕದಲ್ಲಿ ಮಾತ್ರ ವಿನಾಯಿತಿಯ ಪದ್ಧತಿ ಚೆನ್ನಾಗಿ ನಡೆಯುತ್ತದೆ. ಅಲ್ಲಿ ನೆಲೆಸಿದವರ ಮಕ್ಕಳು 26ರ ತನಕ ತಂದೆತಾಯಿಯ ಪ್ಲಾನಿನಲ್ಲೇ ಇರಬಹುದು, ಅದನ್ನು ತೋರಿಸಿ ವಿಶ್ವವಿದ್ಯಾಲಯದ ದುಬಾರಿ ವಿಮೆಯಿಂದ ಪಾರಾಗುತ್ತಾರೆ. ಆದರೆ ತಂದೆಯ ಪ್ಲಾನು ಇನ್ನೊಂದು ರಾಜ್ಯದ ಆಸ್ಪತ್ರೆಗಳಿಗೆ ಸೀಮಿತವಾಗಿದ್ದರೆ ಅರ್ಜಿ ತಿರಸ್ಕಾರ. ಅಲ್ಲೂ ಕಾಗವಾಡ-ಮಿರಜ್‌ನದ್ದೇ ಕತೆ. ಇಲ್ಲಿಂದ ಹೋಗುವವರ ಊರಿನ ಪಾಲಿಸಿ ಈ ಪರೀಕ್ಷೆಯಲ್ಲಿ ಪಾಸಾಗುವುದು ಅಪರೂಪ. ಅರ್ಜಿಗೆ ಕೊನೆಯ ದಿನಾಂಕ ಇರುತ್ತದೆ, ತಪ್ಪಿದರೆ ಆ ಸೆಮಿಸ್ಟರಿನ ಹಣ ಹೋಯಿತು.

ಕುಡಚಿಗೆ ವಾಪಸ್ ಬರೋಣ. ಆಪರೇಷನ್ ಆಗಿ ಐದು ತಿಂಗಳು ಕಳೆದಿತ್ತು. ಕಾಲೇಜಿನ ಆಫೀಸಿಗೆ ಹುಡುಗ ಫೋನ್ ಮಾಡಿದ. ಹೌದು, ಆಸ್ಪತ್ರೆ ಖರ್ಚೂ ಸೇರಿದ ಪಾಲಿಸಿಯೇ, ಆದರೆ 24 ಗಂಟೆಯೊಳಗೆ ತಿಳಿಸಬೇಕಿತ್ತು ಎಂಬ ಉತ್ತರ ಬಂತು. ಅಪ್ಪ ಅಲ್ಲಿಗೇ ಕೈಬಿಟ್ಟಿದ್ದರು.

ಅಲ್ಲಿಗೆ ಬಿಡುವಂಥದ್ದಲ್ಲ ಅದು. ತಡವಾಯಿತು ಎಂಬ ಒಂದೇ ಕಾರಣಕ್ಕೆ ನಿಜವಾದ ಕ್ಲೇಮ್ ತಿರಸ್ಕರಿಸಬಾರದು ಎಂದು ವಿಮಾ ಪ್ರಾಧಿಕಾರ 2011ರ ಸೆಪ್ಟೆಂಬರ್‌ನಲ್ಲೇ ಕಂಪೆನಿಗಳಿಗೆ ಸುತ್ತೋಲೆ ಕಳಿಸಿದೆ. ತಡವಾದ ಕಾರಣವನ್ನು ಸರಿಯಾಗಿ ಬರೆಯಬೇಕು. ಅವರು ಒಪ್ಪದಿದ್ದರೆ ಕಂಪೆನಿಯ ದೂರು ವಿಭಾಗಕ್ಕೆ ಪತ್ರ, ಒಂದು ತಿಂಗಳು ಕಾದು ಉತ್ತರ ಬಾರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರಿಗೆ. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಡ, ಗುಂಪು ವಿಮೆಯ ದೂರೂ ನಡೆಯುತ್ತದೆ. ತಿರಸ್ಕಾರವಾದ ಒಂದು ವರ್ಷದೊಳಗೆ ಹೋಗಬೇಕು.

ಆ ಮಧ್ಯಾಹ್ನ ಅಲ್ಲೇ ಚಾಪೆಯ ಮೇಲೆ ಕೂತು ಪತ್ರ ಬರೆದೆವು. ಹುಡುಗ ಇಂಗ್ಲಿಷಿನಲ್ಲಿ ಬರೆದ, ಅಪ್ಪ ಕನ್ನಡದಲ್ಲಿ ಹೇಳಿದರು. ಡಿಸ್ಚಾರ್ಜ್ ಚೀಟಿ ಸಿಕ್ಕಿತು, ಔಷಧಿ ಅಂಗಡಿಯ ಬಿಲ್ಲುಗಳಲ್ಲಿ ಮೂರು ಕಳೆದುಹೋಗಿದ್ದವು, ದೊಡ್ಡ ಬಿಲ್ಲಿನ ಅಸಲು ಅಮ್ಮಿಯ ಟ್ರಂಕಿನಲ್ಲಿ ಅಡವಿನ ಚೀಟಿಯ ಜೊತೆ ಮಡಚಿ ಇಟ್ಟದ್ದು ಸಿಕ್ಕಿತು. ಎಲ್ಲದರ ನಕಲು ಮಾಡಿಸಿ ಮರುದಿನ ರಿಜಿಸ್ಟರ್ಡ್ ಅಂಚೆಗೆ ಹಾಕಿದರು.

ಮೂರು ವಾರದ ನಂತರ ಹುಡುಗನ ಫೋನ್ ಬಂತು. ತಿರಸ್ಕಾರ ಬಂದಿಲ್ಲ. ಆಸ್ಪತ್ರೆಯ ಒಳರೋಗಿ ಫೈಲಿನ ನಕಲು ಕಳಿಸಿ ಎಂದು ಕಂಪೆನಿಯವರು ಕೇಳಿದ್ದಾರೆ. ಸೋಮವಾರ ತರಗತಿ ಬಿಟ್ಟ ಮೇಲೆ ಹೋಗಿ ತರುತ್ತಾನಂತೆ, ನಮ್ಮ ನೆರೆಮನೆಯ ಹುಡುಗನ ಬೈಕಿನಲ್ಲಿ. ಎರಡನೇ ವರ್ಷದ ಶುಲ್ಕ ಕಟ್ಟಿಯಾಗಿದೆ, ವಿಮೆಯ ಸಾಲೂ ಸೇರಿ. ಇ-ಕಾರ್ಡನ್ನು ಈ ಸಲ ಮೊಬೈಲಿನಲ್ಲೂ ಇಟ್ಟುಕೊಂಡಿದ್ದಾನೆ, ಕೋಣೆಯ ಬಾಗಿಲ ಹಿಂದೆ ಒಂದು ಪ್ರತಿಯನ್ನೂ ಅಂಟಿಸಿದ್ದಾನೆ.