ಮಿರಜಿನ ಚರ್ಚಿಗೆ ಸೋಲಾರ್: ಮೊದಲು ತೊಲೆ ನೋಡಿ

ಮಿರಜ ಜಂಕ್ಷನ್ನಿನಲ್ಲಿ ಇಳಿದರೆ ನನ್ನಂಥವನಿಗೆ ಮಾತಿನ ಚಿಂತೆ ಇಲ್ಲ. ಆಟೋದವನು ಕನ್ನಡದಲ್ಲಿ ದರ ಹೇಳುತ್ತಾನೆ, ಮರಾಠಿಯಲ್ಲಿ ಜಗಳಾಡುತ್ತಾನೆ. ರೈಲ್ವೆ ಕ್ವಾರ್ಟರ್ಸ್ ಕಡೆ ನಡೆದರೆ ತೆಲುಗೂ ಕಿವಿಗೆ ಬೀಳುತ್ತದೆ. ಹುಬ್ಬಳ್ಳಿ ವಿಭಾಗ 2003ರವರೆಗೆ ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆಗೆ ಸೇರಿತ್ತಲ್ಲ, ಆಗ ಕೆಲಸಕ್ಕೆ ಬಂದು ಇಲ್ಲೇ ನಿಂತವರಲ್ಲಿ ನಮ್ಮ ಅಕ್ಕನ ಗಂಡ, ಬಾವನೂ ಒಬ್ಬ.

ಈ ಸಲ ಬಾವ ಕರೆಸಿದ್ದು ಹಬ್ಬಕ್ಕಲ್ಲ. ಪಕ್ಕದ ಮನೆಯವರು ಒಂದು ಹಳೇ ಚರ್ಚಿನ ಹಿರಿಯರು. ಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು. ಅದರ ಮೇಲೆ ಸೋಲಾರ್ ಹಲಗೆ ಹಾಕಿಸಬೇಕೆಂದು ಕಮಿಟಿಯಲ್ಲಿ ಮಾತು ಎದ್ದಿತ್ತು. "ನಮ್ಮ ಬಾಮೈದ ಪಾವಗಡದಾಗ ಬಿಸಿಲು ಮಾರತಾನ" ಎಂದು ಬಾವ ಹೇಳಿಬಿಟ್ಟಿದ್ದ. ಹೋಗಲೇಬೇಕಾಯಿತು.

ಬಿಸಿಲು ಮಾರಿದ್ದು ಸುಳ್ಳಲ್ಲ. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ ಸುತ್ತಿನ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. ಮೊದಲ ಭಾಗ 2018ರಲ್ಲಿ ಶುರುವಾಯಿತು, 2019ರ ಕೊನೆಗೆ ಪೂರ್ತಿಯಾಯಿತು. ಜಮೀನು ಗುತ್ತಿಗೆಗೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ. ನಾಲ್ಕು ಎಕರೆ ಕೊಟ್ಟೆ. ಕಡಲೆಕಾಯಿ ಬಿತ್ತಿ ಮುಗಿಲು ನೋಡುತ್ತಿದ್ದ ಹೊಲ ಅದು. ಆದರೆ ನಾನು ಎಂಜಿನಿಯರಲ್ಲ, ಎಸ್ಸೆಸ್ಸೆಲ್ಸಿ. ಕಲಿತದ್ದೆಲ್ಲ ಕೈ ಸುಟ್ಟುಕೊಂಡು ಕಲಿತದ್ದು.

ಗುತ್ತಿಗೆಯ ದುಡ್ಡು ಬಂದ ಹುರುಪಿನಲ್ಲಿ ಹಳೇ ಹೆಂಚಿನ ಮನೆಯ ಮೇಲೂ ಹಲಗೆ ಹಾಕಿಸಿದೆ. ಪೇಟೆಯಿಂದ ಬಂದ ಹುಡುಗರು ಹೆಂಚಿನ ಮೇಲೇ ಓಡಾಡಿದರು, ಹೆಂಚಿಗೇ ತೂತು ಕೊರೆದು ಬೋಲ್ಟ್ ಬಿಗಿದು ಹೋದರು. ಎರಡು ಮಳೆಗಾಲ ನೀರು ಸದ್ದಿಲ್ಲದೆ ತೊಲೆಗೆ ಇಳಿಯಿತು. ಮೂರನೆಯದಕ್ಕೆ ಅಮ್ಮ ಮಲಗುವ ಕೋಣೆಯ ಮೂಲೆ ಕುಸಿಯಿತು. ಪುಣ್ಯಕ್ಕೆ ಅಮ್ಮ ಅವತ್ತು ತಂಗಿಯ ಊರಿಗೆ ಹೋಗಿದ್ದಳು. ಕಮಿಟಿಯವರ ಮುಂದೆ ಮೊದಲು ಹೇಳಿದ್ದು ಇದನ್ನೇ. ಯುವಕರ ಮುಖ ಸಪ್ಪಗಾಯಿತು.

ಮಾಡು ನೋಡಲು ಹೋದೆವು. ಹಳೇ ವಾಡಿಕೆಯಂತೆ ಇಲ್ಲಿ ಬಲಿಪೀಠ ಪೂರ್ವಕ್ಕಿದೆ. ಕಟ್ಟಡ ಪೂರ್ವ ಪಶ್ಚಿಮ ಉದ್ದಕ್ಕೆ ನಿಂತರೆ ಮಾಡಿನ ಒಂದು ಇಳಿಜಾರು ತಾನಾಗಿ ದಕ್ಷಿಣಕ್ಕೆ ಮುಖ ಮಾಡುತ್ತದೆ. ನಮ್ಮ ದೇಶದಲ್ಲಿ ಹಲಗೆಗೆ ಬೇಕಾದ್ದು ಅದೇ ದಿಕ್ಕು. ಮಿರಜಿಗೆ ಹದಿನೇಳು ಡಿಗ್ರಿ ಆಚೀಚೆ ಓರೆ ಸಾಕು, ಹೆಂಚಿನ ಮಾಡು ಅದಕ್ಕಿಂತ ಕಡಿದಾಗಿದೆ, ಅದರಿಂದ ದೊಡ್ಡ ನಷ್ಟವೇನಿಲ್ಲ. ನಷ್ಟವಿರುವುದು ಗಂಟೆಗೋಪುರದ ನೆರಳಿನಲ್ಲಿ. ಸಾಲಿಗೆ ಪೋಣಿಸಿದ ಹಲಗೆಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಸಾಲೇ ಸೊರಗುತ್ತದೆ, ಜೋಡೆತ್ತಿನಲ್ಲಿ ಒಂದು ಕುಂಟಿದ ಹಾಗೆ.

ಗೋಪುರದಲ್ಲಿ ಬಾವಲಿಗಳಿದ್ದವು. ನನಗೆ ಗುರ್ರಂ ಜಾಷುವಾ ನೆನಪಾದರು. ಗುಡಿಯೊಳಕ್ಕೆ ಬಿಡದ ಬಡವನ ಅಹವಾಲನ್ನು ಕಾಶಿಯ ಶಿವನಿಗೆ ಮುಟ್ಟಿಸಲು ಬಾವಲಿಯನ್ನು ಕಳಿಸಿದ ತೆಲುಗು ಕವಿ. ಬಡಿಗೇರರಿಗೆ ಇದನ್ನು ಹೇಳಹೋದೆ. ಅವರು "ಬಾವಲಿ ಇರಲ್ರೀ, ಮೊದಲ ಗೆದ್ದಲ ನೋಡೂಣು" ಎಂದು ಏಣಿ ಹತ್ತಿದರು.

ಒಂದು ಹಲಗೆ ಚೌಕಟ್ಟು ಸೇರಿ 25 ಕಿಲೋ ಆಚೀಚೆ. 5 ಕಿಲೋವಾಟಿಗೆ ಹತ್ತು ಹಲಗೆ, 500 ಚದರಡಿ ಜಾಗ. ಹೆಂಚಿನ ಭಾರವನ್ನೇ ಹೊತ್ತ ತೊಲೆಗೆ ಈ ಭಾರ ದೊಡ್ಡದಲ್ಲ, ತೊಲೆ ಗಟ್ಟಿ ಇದ್ದರೆ. ಹೆದರಬೇಕಾದ್ದು ಗಾಳಿಗೆ: ಹಲಗೆಯ ಅಡಿಗೆ ನುಗ್ಗಿ ಮೇಲಕ್ಕೆ ಎತ್ತುತ್ತದೆ. ಹೆಂಚು ಸರಿಸಿ, ಕೆಳಗಿನ ಮರಕ್ಕೆ ಕಬ್ಬಿಣದ ಕೊಕ್ಕೆ ಬಿಗಿದು, ಹೆಂಚನ್ನು ಮತ್ತೆ ಮುಚ್ಚಬೇಕು. ಹೆಂಚಿಗೆ ತೂತು ಹಾಕುತ್ತೇನೆ ಎನ್ನುವವನನ್ನು ಗೇಟಿನಿಂದಲೇ ಕಳಿಸಿಬಿಡಿ. ಬಡಿಗೇರರು ಉಳಿ ಚುಚ್ಚಿದರು. ಮೂರು ಕಡೆ ಟಣ್ ಎಂದಿತು, ನಾಲ್ಕನೆಯ ಕಡೆ ಉಳಿ ಬೆಲ್ಲಕ್ಕೆ ಇಳಿದಂತೆ ಇಳಿಯಿತು.

"ಹೊರದೇಶದಾಗ ಹೆಂಗ ಮಾಡ್ಯಾರ?" ಎಂದು ಟೀಚರಮ್ಮನೊಬ್ಬರು ಕೇಳಿದರು. ಓದಿದ್ದನ್ನು ಹೇಳಿದೆ. ವ್ಯಾಟಿಕನ್ನಿನಲ್ಲಿ 2008ರಲ್ಲಿ ಸುಮಾರು 2,400 ಹಲಗೆ ಹಾಕಿದರು, ಜರ್ಮನಿಯ ಕಂಪನಿಯ ದಾನ. ಆದರೆ ಸಂತ ಪೇತ್ರರ ಗೋಪುರವನ್ನು ಮುಟ್ಟಲಿಲ್ಲ, ಪಕ್ಕದ ಹೊಸ ಸಭಾಭವನದ ಮೇಲೆ ಹಾಕಿದರು. ಇಂಗ್ಲೆಂಡಿನ ಕೇಂಬ್ರಿಜಿನಲ್ಲಿ ಐನೂರು ವರ್ಷದ ಕಿಂಗ್ಸ್ ಕಾಲೇಜ್ ಚಾಪೆಲಿನ ಮೇಲೆ 2023ರಲ್ಲಿ 438 ಹಲಗೆ ಏರಿದವು. ಅಂದ ಕೆಡುತ್ತದೆ ಎಂಬ ತಕರಾರೂ ಇತ್ತು. ಸೀಸದ ಮಾಡನ್ನು ಹೇಗೂ ಬಿಚ್ಚಿ ಹೊಸದು ಮಾಡುವ ವೇಳೆಗೇ ಆ ಕೆಲಸ ಮುಗಿಸಿದರು. ನಮ್ಮ ತಿರುಮಲೆಯೇನು ಕಡಿಮೆ? 2002ರಲ್ಲೇ ಬಿಸಿಲ ಡಿಶ್ಶುಗಳ ಹಬೆಯಿಂದ ಸಾವಿರಾರು ಭಕ್ತರಿಗೆ ಅನ್ನ ಬೇಯಿಸಿದ್ದಾರೆ.

ಇನ್ನು ರೊಕ್ಕ. ಮಾತು ಬಿಗಿಯಾದದ್ದು ಇಲ್ಲೇ. ಕಿಲೋವಾಟಿಗೆ ಐವತ್ತರಿಂದ ಅರವತ್ತು ಸಾವಿರ ಹಿಡಿದರೆ 5 ಕಿಲೋವಾಟಿಗೆ ಎರಡೂವರೆ ಮೂರು ಲಕ್ಷ. ಕೇಂದ್ರದ ಸೂರ್ಯಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಬಂತು, 3 ಕಿಲೋವಾಟಿಗೆ 78,000 ಸಬ್ಸಿಡಿ. ಅದು ವಾಸದ ಮನೆಗೆ. ಗುಡಿ, ಮಸೀದಿ, ಚರ್ಚಿಗಿಲ್ಲ. ಇದನ್ನು ಹೇಳಿದಾಗ ಖಜಾಂಚಿ ಪೆನ್ನು ಮುಚ್ಚಿದರು.

ಕಂಪನಿಯೇ ತನ್ನ ಖರ್ಚಿನಲ್ಲಿ ಹಾಕಿ, 25 ವರ್ಷ ಯೂನಿಟ್ ಲೆಕ್ಕದಲ್ಲಿ ಹಣ ಪಡೆಯುವ ದಾರಿಯೂ ಇದೆ. ಕೈಯಿಂದ ಕಾಸು ಬಿಡುವುದಿಲ್ಲವೆಂದು ಯುವಕರಿಗೆ ಅದೇ ಹಿಡಿಸಿತು. ನಾನು ತಡೆದೆ. ಮಹಾರಾಷ್ಟ್ರದ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ 36ನೇ ಕಲಮಿನ ಪ್ರಕಾರ ಟ್ರಸ್ಟಿನ ಕಟ್ಟಡವನ್ನು ಮೂರು ವರ್ಷಕ್ಕಿಂತ ಹೆಚ್ಚಿಗೆ ಗುತ್ತಿಗೆ ಕೊಡಲು ಚಾರಿಟಿ ಕಮಿಷನರರ ಒಪ್ಪಿಗೆ ಮೊದಲೇ ಬೇಕು. ಸಾಲ ಎತ್ತಲೂ ಬೇಕು. ನಾನೇ ಗುತ್ತಿಗೆ ಕೊಟ್ಟವನು, ಕಾಗದದ ಕೊನೆ ಪುಟವನ್ನು ಮೊದಲು ಓದುವ ಬುದ್ಧಿ ತಡವಾಗಿ ಬಂತು.

ಆಮೇಲೆ ಒಬ್ಬರು ಹಿರಿಯರು, "ಕರೆಂಟ್ ಹೋದಾಗ ಮೈಕ್ ನಡದರ ಸಾಕ್ರೀ" ಎಂದರು. ನಡೆಯುವುದಿಲ್ಲ. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರ್, ಲೈನ್ ಹೋದ ಕ್ಷಣ ತಾನೂ ನಿಲ್ಲುತ್ತದೆ. ಕಂಬದ ಮೇಲಿನ ಲೈನ್‌ಮನ್‌ಗೆ ಕೆಳಗಿನಿಂದ ಕರೆಂಟ್ ಹೊಡೆಯಬಾರದಲ್ಲ! ಇದನ್ನು ಮಾರುವವರು ಹೇಳುವುದೇ ಇಲ್ಲ.

ಇನ್ನೊಂದು ಮಾತು. ಚರ್ಚಿನಲ್ಲಿ ಕರೆಂಟ್ ಉರಿಯುವುದು ಹೆಚ್ಚಾಗಿ ಭಾನುವಾರ ಬೆಳಿಗ್ಗೆ, ಬಿಸಿಲು ವಾರವೆಲ್ಲ. 5 ಕಿಲೋವಾಟ್ ದಿನಕ್ಕೆ ಇಪ್ಪತ್ತು ಯೂನಿಟ್ ಕೊಡುತ್ತದೆ. ಉಳಿದದ್ದು ಲೈನಿಗೆ ಹೋಗಿ ಬಿಲ್ಲಿನಲ್ಲಿ ವಜಾ ಆಗುತ್ತದೆ, ಆದರೆ ಬಳಸದಷ್ಟು ಬೆಳೆದರೆ ಹಾಕಿದ ಬಂಡವಾಳ ಬೇಗ ಮರಳುವುದಿಲ್ಲ. ಅದಕ್ಕೇ, ಮೊದಲು ಫ್ಯಾನ್ ಎಣಿಸಿ ಎಂದೆ. ಇಪ್ಪತ್ತು ಇದ್ದವು, ಒಂದೊಂದೂ 75 ವಾಟಿನ ಹಳೇ ಪೈಕಿ. ಈಗಿನ 30 ವಾಟಿನವು ಬಂದರೆ ಫ್ಯಾನಿನ ಖರ್ಚು ಅರ್ಧಕ್ಕಿಂತ ಕೆಳಗೆ. ಆಗ 5ರ ಬದಲು 3 ಕಿಲೋವಾಟ್ ಸಾಕಾಗಬಹುದು.

ಇದೇ ಮಿರಜಿನಲ್ಲಿ 1894ರಲ್ಲಿ ವಿಲಿಯಂ ವಾನ್ಲೆಸ್ ಎಂಬ ಕೆನಡಾದ ಡಾಕ್ಟರು ಮಿಶನ್ ಆಸ್ಪತ್ರೆ ತೆರೆದರು, ಬೆಳಗಾವಿ ವಿಜಾಪುರದ ನಮ್ಮ ಜನ ರೈಲು ಹತ್ತಿ ಬಂದು ಗುಣವಾಗಿ ಹೋದರು. ಅವತ್ತು ದಾನ ಹಡಗಿನಲ್ಲಿ ಬಂತು. ಇವತ್ತು ಸಭೆಯವರೇ ಕೂಡಿಸಬೇಕು.

ರಾತ್ರಿ ಒಂಬತ್ತರವರೆಗೆ ವಾದ ನಡೆಯಿತು. ಕಡೆಗೆ ಹೆಂಚಿನ ಮಾಡು ಬಿಟ್ಟು, ಹಿಂದಿನ ಸಿಮೆಂಟ್ ತಾರಸಿಯ ಹಾಲಿನ ಮೇಲೆ 3 ಕಿಲೋವಾಟ್ ಎಂದಾಯಿತು. ಸಾಲವಿಲ್ಲ, ಕಂಪನಿಯ ಗುತ್ತಿಗೆ ಇಲ್ಲ, ಹಲಗೆಗೊಬ್ಬ ದಾನಿ. ಹಲಗೆಗೆ ಬರೆಸಲಾಗದವರು ಫ್ಯಾನಿಗೆ ಬರೆಸಬಹುದು. ಸೊಪ್ಪು ಮಾರುವ ಅಜ್ಜಿಯೊಬ್ಬರು ಅರ್ಧ ಫ್ಯಾನ್ ಬರೆಸಿದರು. ಉಳಿದರ್ಧ ನಮ್ಮ ಬಾವನದು, ಅವನು ದಿನಾ ತಿರುಪತಿ ತಿಮ್ಮಪ್ಪನಿಗೆ ದೀಪ ಹಚ್ಚುವವನು.

ಕೊಳೆತ ತೊಲೆಯ ಖರ್ಚನ್ನು ಬಡಿಗೇರರು ಇನ್ನೂ ಹೇಳಿಲ್ಲ. ಮಳೆಗಾಲದೊಳಗೆ ಅದನ್ನು ಬದಲಿಸಲೇಬೇಕು, ಸೋಲಾರ್ ಬರಲಿ ಬಿಡಲಿ.