ನಗೆಯ ಹಿಂದಿನ ಮೇಷ್ಟ್ರು: ಪಾಲ್ ಸಿಲ್ಸ್

ನಾಟಕವೆಂದೊಡನೆ ನಮಗೆ ನೆನಪಾಗುವವನು ನಟ; ಬಹಳವಾದರೆ ನಾಟಕ ಬರೆದವನು. ನಟನನ್ನು ತಿದ್ದಿ ನಿಲ್ಲಿಸಿದ ನಿರ್ದೇಶಕನ ಹೆಸರನ್ನು ಕೇಳುವವರು ಕಡಿಮೆ. ಆ ನಿರ್ದೇಶಕನಿಗೆ ಪಾಠ ಹೇಳಿದವರ ಹೆಸರನ್ನಂತೂ ಯಾರೂ ಕೇಳುವುದಿಲ್ಲ. ಅಮೆರಿಕದ ರಂಗಭೂಮಿ, ಟೆಲಿವಿಷನ್, ಹಾಸ್ಯ ಈ ಮೂರರಲ್ಲಿಯೂ ತಮ್ಮ ಗುರುತು ಬಿಟ್ಟುಹೋದ ಪಾಲ್ ಸಿಲ್ಸ್ ಅವರು ಅಂಥ ಒಬ್ಬ ನಿರ್ದೇಶಕರು, ಮೇಷ್ಟ್ರು. ಅವರ ವಿಷಯವನ್ನು ಇಲ್ಲಿ ಬರೆಯಲು ಕಾರಣವುಂಟು. ಅವರ ವಿದ್ಯೆ ಹುಟ್ಟಿದ್ದು ನಮ್ಮಂತೆಯೇ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರ ನಡುವೆ.

ಶಿಕಾಗೋ ನಗರದಲ್ಲಿ 1889ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಎಂಬ ಇಬ್ಬರು ಮಹಿಳೆಯರು ಹಲ್ ಹೌಸ್ ಎಂಬ ಸೇವಾಸಂಸ್ಥೆಯನ್ನು ತೆರೆದರು. ಇಟಲಿ, ಗ್ರೀಸ್, ರಷ್ಯಾ ಮೊದಲಾದ ದೇಶಗಳಿಂದ ಬಂದ ಕೂಲಿಕಾರರ ಕುಟುಂಬಗಳಿಗೆ ಅಲ್ಲಿ ಸಂಜೆಯ ತರಗತಿ, ವಾಚನಾಲಯ, ನಾಟಕ ಎಲ್ಲವೂ ಇದ್ದವು. ಆಟಗಳ ಮೂಲಕವೇ ಪಾಠ ಕಲಿಸಬಹುದೆಂದು ನಂಬಿದ್ದ ನೀವಾ ಬಾಯ್ಡ್ ಎಂಬ ಅಧ್ಯಾಪಕಿಯ ಬಳಿ ವಯೋಲಾ ಸ್ಪೋಲಿನ್ (1906-1994) ಎಂಬ ತರುಣಿ ಕಲಿತಳು. ಈಕೆಯ ತಂದೆತಾಯಿಗಳೂ ರಷ್ಯಾದಿಂದ ಬಂದು ನೆಲೆಸಿದವರು. ಈಕೆಯ ಮಗನೇ ಪಾಲ್ ಸಿಲ್ಸ್, ಹುಟ್ಟಿದ್ದು 1927ರಲ್ಲಿ.

1939ರ ಸುಮಾರಿಗೆ ಸರ್ಕಾರದ ಯೋಜನೆಯೊಂದರಲ್ಲಿ ಸ್ಪೋಲಿನ್‌ಗೆ ವಲಸೆಗಾರರಿಗೂ ಅವರ ಮಕ್ಕಳಿಗೂ ನಾಟಕ ಕಲಿಸುವ ಕೆಲಸ ಬಂತು. ಕಲಿಯಲು ಬಂದವರ ಮನೆಮಾತು ಬೇರೆ ಬೇರೆ, ಇಂಗ್ಲಿಷ್ ಅಷ್ಟಕ್ಕಷ್ಟೆ. ಉಪನ್ಯಾಸದಿಂದ ಪ್ರಯೋಜನವಿರಲಿಲ್ಲ. ಆದ್ದರಿಂದ ಆಕೆ ಒಂದೊಂದು ಪಾಠವನ್ನೂ ಒಂದೊಂದು ಆಟವಾಗಿ ಮಾರ್ಪಡಿಸಿದಳು.

ಉದಾಹರಣೆಗೆ ಹಗ್ಗ ಜಗ್ಗುವ ಆಟ. ಎರಡು ಪಕ್ಷಗಳುಂಟು, ಹಗ್ಗವಿಲ್ಲ. ಇಲ್ಲದ ಹಗ್ಗವು ನೋಡುವವರ ಕಣ್ಣಿಗೆ ಕಾಣಬೇಕು. ಈಚೆಯವನು ಎಳೆದಾಗ ಆಚೆಯವನು ಜಗ್ಗದಿದ್ದರೆ ಹಗ್ಗ ಮಾಯವಾಗುತ್ತದೆ. ಎಂದರೆ ಎದುರಾಳಿಯನ್ನು ಗಮನಿಸದೆ ಗತಿಯಿಲ್ಲ. ಇನ್ನೊಂದು, ಕನ್ನಡಿಯ ಆಟ: ಒಬ್ಬನು ಮಾಡಿದ್ದನ್ನು ಎದುರಿನವನು ಅದೇ ಗಳಿಗೆಯಲ್ಲಿ ಮಾಡಬೇಕು. ಮತ್ತೊಂದರಲ್ಲಿ ಅರ್ಥವಿಲ್ಲದ ಶಬ್ದಗಳಲ್ಲಿಯೇ ಸಾಮಾನು ಮಾರಬೇಕು. ಇಲ್ಲಿ ಭಾಷೆ ಬಲ್ಲವನೂ ಬಾರದವನೂ ಒಂದೇ. ಮೇಷ್ಟ್ರು ಆಟ ನಿಲ್ಲಿಸದೆ ಬದಿಯಿಂದ "ಹಗ್ಗದ ಮೇಲೆ ಗಮನ!" ಎಂದು ಕೂಗುತ್ತಾರೆ, ಅಷ್ಟೆ. ಶಹಬಾಸ್‌ಗಿರಿಯೂ ಇಲ್ಲ, ಛೀಮಾರಿಯೂ ಇಲ್ಲ. ಮನಸ್ಸು ಕೆಲಸದಲ್ಲಿ ನೆಟ್ಟಾಗ ಸಭಾಕಂಪಕ್ಕೆ ಎಡೆಯಿರುವುದಿಲ್ಲವೆಂಬುದು ಈ ಪದ್ಧತಿಯ ಗುಟ್ಟು. 1963ರಲ್ಲಿ ಸ್ಪೋಲಿನ್ ಇವನ್ನೆಲ್ಲ ಒಂದು ಪುಸ್ತಕವಾಗಿ ಪ್ರಕಟಿಸಿದಳು.

ಮಗನು ಈ ಆಟಗಳನ್ನು ರಂಗಕ್ಕೆ ಏರಿಸಿದನು. 1955ರಲ್ಲಿ ಡೇವಿಡ್ ಶೆಪರ್ಡ್ ಅವರೊಡನೆ ಸಿಲ್ಸ್ ಕಂಪಾಸ್ ಎಂಬ ಮಂಡಳಿಯನ್ನು ಶಿಕಾಗೋ ವಿಶ್ವವಿದ್ಯಾಲಯದ ಹತ್ತಿರದ ಒಂದು ಮದ್ಯದಂಗಡಿಯಲ್ಲಿ ಆರಂಭಿಸಿದರು. ಬರೆದ ಮಾತಿಲ್ಲ, ಕಥೆಯ ಎಳೆಯನ್ನಷ್ಟೇ ಹಿಡಿದು ನಟರು ಮಾತು ಕಟ್ಟುತ್ತಿದ್ದರು. ಮುಂದೆ ಚಲನಚಿತ್ರ ನಿರ್ದೇಶಕರಾಗಿ ಹೆಸರಾದ ಮೈಕ್ ನಿಕೋಲ್ಸ್ ಮತ್ತು ಎಲೇನ್ ಮೇ ಪಳಗಿದ್ದು ಅಲ್ಲಿಯೇ. 1959ರ ಡಿಸೆಂಬರ್ 16ರಂದು ಹಿಂದೆ ಚೀನೀ ಲಾಂಡ್ರಿಯಾಗಿದ್ದ ಸ್ಥಳದಲ್ಲಿ ಸಿಲ್ಸ್, ಬರ್ನಿ ಸಾಲಿನ್ಸ್ ಮತ್ತು ಹೊವರ್ಡ್ ಆಲ್ಕ್ ಸೇರಿ 'ಸೆಕೆಂಡ್ ಸಿಟಿ' ತೆರೆದರು. ನ್ಯೂಯಾರ್ಕಿನ ಪತ್ರಿಕೆಯೊಂದು ಶಿಕಾಗೋವನ್ನು ಎರಡನೆಯ ದರ್ಜೆಯ ನಗರವೆಂದು ಹೀಯಾಳಿಸಿತ್ತು. ಆ ಹೀಯಾಳಿಕೆಯನ್ನೇ ಇವರು ಬೋರ್ಡಿನ ಮೇಲೆ ಬರೆಸಿದರು! ಪ್ರೇಕ್ಷಕರು ಸೂಚಿಸಿದ ವಿಷಯದ ಮೇಲೆ ನಟರು ಆ ಕ್ಷಣವೇ ಆಡುವರು. ಚೆನ್ನಾಗಿ ಬಂದುದನ್ನು ತಿದ್ದಿ ಮುಂದಿನ ಪ್ರದರ್ಶನಕ್ಕೆ ಸೇರಿಸುವರು. ಹಾಸ್ಯವು ಚಟಾಕಿಗಳಿಂದಲ್ಲ, ಇಬ್ಬರು ಒಬ್ಬರನ್ನೊಬ್ಬರು ಗಮನಿಸುವುದರಿಂದ ಹುಟ್ಟುತ್ತದೆಂಬುದೇ ಸಿಲ್ಸ್ ಅವರ ನಿರ್ದೇಶನದ ಸಾರ. ತಾನೊಬ್ಬನೇ ಮಿಂಚಲು ಹೊರಟವನಿಂದ ಆಟ ಕೆಡುತ್ತದೆ.

ಹೆಸರು ಬಂದ ಮೇಲೆ ಸಿಲ್ಸ್ ಅಲ್ಲಿಯೇ ಕೂರಲಿಲ್ಲ. 1968ರಲ್ಲಿ 'ಸ್ಟೋರಿ ಥಿಯೇಟರ್' ಎಂಬ ಹೊಸ ಬಗೆಯನ್ನು ತಂದರು. ನಟನು ಗ್ರಿಮ್ ಸಹೋದರರ ಕಥೆಯನ್ನು ಹೇಳುತ್ತ ಹೇಳುತ್ತಲೇ ಅದರ ಪಾತ್ರವಾಗುವನು. 1970ರಲ್ಲಿ ಇದು ನ್ಯೂಯಾರ್ಕಿನ ಬ್ರಾಡ್‌ವೇ ಸೇರಿತು. 1971ರಲ್ಲಿ ಟೆಲಿವಿಷನ್ ಮಾಲೆಯೂ ಆಯಿತು. ಇತ್ತ 1975ರಲ್ಲಿ ಆರಂಭವಾದ 'ಸ್ಯಾಟರ್ಡೇ ನೈಟ್ ಲೈವ್' ಎಂಬ ಟೆಲಿವಿಷನ್ ಹಾಸ್ಯಕ್ಕೆ ಡ್ಯಾನ್ ಐಕ್ರಾಯ್ಡ್, ಜಾನ್ ಬೆಲುಷಿ, ಗಿಲ್ಡಾ ರಾಡ್ನರ್ ಬಂದುದು ಸೆಕೆಂಡ್ ಸಿಟಿಯಿಂದ. ಹೀಗೆ ಲಕ್ಷಾಂತರ ಮನೆಗಳಲ್ಲಿ ನಗೆ ಎದ್ದಾಗ ಸಿಲ್ಸ್ ತೆರೆಯ ಮೇಲಿರಲಿಲ್ಲ. 1980ರ ದಶಕದ ಕೊನೆಯಲ್ಲಿ ಅವರು ನಿಕೋಲ್ಸ್ ಮತ್ತು ಜಾರ್ಜ್ ಮಾರಿಸನ್ ಅವರೊಡನೆ ನ್ಯೂಯಾರ್ಕಿನಲ್ಲಿ ನಟರ ಶಾಲೆ ತೆರೆದು ತಾಯಿಯ ಆಟಗಳನ್ನೇ ಕಲಿಸಿದರು. 2008ರ ಜೂನ್ 2ರಂದು 80ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಬರೆದ ಮಾತಿಲ್ಲದೆ ಆಡುವುದು ಕನ್ನಡಿಗರಿಗೆ ಹೊಸತೇನಲ್ಲ. ನಮ್ಮ ತಾಳಮದ್ದಳೆಯಲ್ಲಿ ಭಾಗವತರು ಪದ್ಯ ಹಾಡಿದೊಡನೆ ಅರ್ಥಧಾರಿಯು ತನ್ನ ಮಾತನ್ನು ತಾನೇ ಕಟ್ಟುತ್ತಾನೆ. ಎದುರು ಅರ್ಥಧಾರಿಯ ಮಾತಿಗೆ ಕಿವಿಗೊಡದವನು ಉತ್ತರ ಕೊಡಲಾರ. ಆದರೆ ಅದಕ್ಕೆ ಪುರಾಣಜ್ಞಾನವೂ ವಾಕ್ಚಾತುರ್ಯವೂ ಬೇಕು. ಸ್ಪೋಲಿನ್ ಆಟಗಳಿಗೆ ಅವೆರಡೂ ಬೇಡ.

ಪರಸ್ಥಳದ ಸಂಘಗಳಲ್ಲಿ ವಾರ್ಷಿಕೋತ್ಸವದ ನಾಟಕ ಬಂತೆಂದರೆ ಪಾತ್ರಗಳೆಲ್ಲ ಸರಾಗವಾಗಿ ಮಾತಾಡುವ ನಾಲ್ಕೈದು ಮಂದಿಗೆ ಸಲ್ಲುತ್ತವೆ. ಇಲ್ಲಿಯೇ ಹುಟ್ಟಿ ಬೆಳೆದ, ಕನ್ನಡ ತೊದಲುವ ಹುಡುಗನಿಗೆ ಪರದೆ ಎಳೆಯುವ ಕೆಲಸ. ಒಮ್ಮೆ ಮಾತು ತಪ್ಪಿ ಸಭೆ ನಕ್ಕರೆ ಅವನು ಮತ್ತೆ ರಂಗವೇರುವುದಿಲ್ಲ. ಎಷ್ಟೋ ಸಲ ಸಂಘದ ಮೆಟ್ಟಿಲನ್ನೂ ಏರುವುದಿಲ್ಲ. ಹೀಗೆ ಕಳೆದುಕೊಂಡ ಮಕ್ಕಳೆಷ್ಟೆಂದು ನಾವು ಲೆಕ್ಕವಿಟ್ಟಿಲ್ಲ. ಅಂಥ ಹುಡುಗರಿಗಾಗಿಯೇ ಶಿಕಾಗೋದಲ್ಲಿ ಈ ವಿದ್ಯೆ ಹುಟ್ಟಿತು.

ಒಂದು ಭಾನುವಾರ ವಾಚನಾಲಯದ ಮೇಜುಗಳನ್ನು ಗೋಡೆಗೆ ಸರಿಸಿದರೆ ಹತ್ತು ಮಂದಿ ಹಗ್ಗ ಜಗ್ಗಲು ಸ್ಥಳ ಸಾಲುತ್ತದೆ. ವೇಷವಿಲ್ಲ, ಖರ್ಚಿಲ್ಲ, ಹಗ್ಗವೂ ಬೇಡ. ಒಂದೇ ನಿಯಮವಿರಲಿ: ಆಟ ನಡೆಯುವಾಗ ಯಾರ ಕನ್ನಡವನ್ನೂ ಯಾರೂ ತಿದ್ದಬಾರದು.